ಸೊಕ್ಕೆಯಿಂದ ಬಂದ ಚುಕ್ಕೆ

ಕಳೆದ ವಾರ ನನ್ನ ಹಳೆಯ ಕಥೆಯೊಂದನ್ನು ಫೋನಿನಲ್ಲಿ ಫೋಟೊ ತೆಗೆಯಲು ಹಾಳೆ ಬಿಡಿಸುತ್ತಿದ್ದೆ. ಮೂರನೇ ಹಾಳೆಯ ಮಡಿಕೆಯಿಂದ ಏನೋ ಉದುರಿ ಸೀರೆಯ ಮೇಲೆ ಬಿತ್ತು. ಹುಳವಿರಬೇಕೆಂದು ಕೊಡವಲು ಹೋದೆ. ಕನ್ನಡಕ ಹಾಕಿಕೊಂಡು ನೋಡಿದರೆ ಶೇಂಗಾ ಬೀಜದ ಮೇಲಿನ ಕೆಂಪು ಪೊರೆ. ಉಗುರಿನಷ್ಟೂ ಇಲ್ಲ, ನಲವತ್ತು ವರ್ಷಕ್ಕೂ ಹಿಂದಿನದು, ಊದಿದರೆ ಹಾರಿಹೋಗುವಂಥದ್ದು. ಉಸಿರು ಬಿಗಿಹಿಡಿದು ಅದನ್ನು ಎತ್ತಿ ಮತ್ತೆ ಅದೇ ಹಾಳೆಯ ನಡುವೆ ಇಟ್ಟೆ. ನಾನು ಓದಿದ ಕಾನ್ವೆಂಟಿನ ಚಾಪೆಲ್‌ನಲ್ಲಿ ಕೂಡ ನಾನು ಅಷ್ಟು ಭಕ್ತಿಯಿಂದ ಕೈ ಜೋಡಿಸಿದ್ದಿಲ್ಲ, ಬಿಲೀವ್ ಮಿ.

ಫೋಟೊ ಯಾಕೆ ಅಂತೀರಾ? ತಂಗಿಯ ಮಗಳು ನನ್ನನ್ನು ಒಂದು ಆನ್‌ಲೈನ್ ಗುಂಪಿಗೆ ಸೇರಿಸಿದ್ದಾಳೆ. ಅಲ್ಲಿ ಕಥೆ ಬರೆಯುವವರು ತಮ್ಮ ಕಥೆ ಹಾಕುತ್ತಾರೆ, ಉಳಿದ ಕಥೆಗಾರರು ಓದಿ ಅಭಿಪ್ರಾಯ ಹೇಳುತ್ತಾರೆ. "ದೊಡ್ಡಮ್ಮ, ಟ್ರಂಕಿನಾಗೆ ಇಟ್ಕೊಂಡು ಏನ್ ಪೂಜೆ ಮಾಡ್ತೀರಾ? ಹಾಕ್ರಿ ಅತ್ಲಾಗೆ" ಅಂದಳು. ನನ್ನ ಫೋಟೊಗಳನ್ನು ನೋಡಿಕೊಂಡು ಟೈಪ್ ಮಾಡಿ ಅವಳೇ ಹಾಕಿದಳು. ಕಣ್ಣು ಮಿಟುಕಿಸುವುದರೊಳಗೆ "ಸೂಪರ್ ಮೇಡಂ", "ಹಾರ್ಟ್ ಟಚಿಂಗ್", ಗುಲಾಬಿ ಹೂವು, ಜೋಡಿಸಿದ ಕೈ, ಮೇಲೆತ್ತಿದ ಹೆಬ್ಬೆರಳುಗಳ ಸಾಲು. ನಾಲ್ಕೇ ನಿಮಿಷದಲ್ಲಿ ಒಬ್ಬ ಮಹನೀಯರಿಗೆ ಕಣ್ಣು ತುಂಬಿ ಬಂದಿತ್ತು. ನನ್ನ ಕಥೆ ಎಷ್ಟು ಬೇಗ ಓದುವವರಿಗೂ ಇಪ್ಪತ್ತು ನಿಮಿಷದ ದಾರಿ. ಆದರೂ ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಎಪ್ಪತ್ತೈದು ದಾಟಿದವಳಿಗೆ ಗುಲಾಬಿ ಯಾರು ಕೊಡುತ್ತಾರೆ? ಆದರೆ ಆ ಖುಷಿ ಸಂಜೆಯ ಕಾಫಿಯವರೆಗೂ ನಿಲ್ಲಲಿಲ್ಲ. ಏನೋ ಒಂದು ಬೇಕಿತ್ತು, ಅದು ಬಂದಿರಲಿಲ್ಲ. ಲೋಟ ತೊಳೆಯುವಾಗ ಹೊಳೆಯಿತು: ಚುಕ್ಕೆ. ಆ ಗುಲಾಬಿಗಳ ನಡುವೆ ಒಂದೇ ಒಂದು ಪೆನ್ಸಿಲ್ ಚುಕ್ಕೆ ಇರಲಿಲ್ಲ.

ಆ ಚುಕ್ಕೆಯ ವಿಷಯ ನಿಮಗೆ ಹೇಳಬೇಕು.

ಎಪ್ಪತ್ತರ ದಶಕದ ಕೊನೆ. ನಾನು ಚನ್ನಗಿರಿಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಂಗ್ಲಿಷ್ ಟೀಚರು. ನಮ್ಮವರು ದನದ ಡಾಕ್ಟರು. ನಾನು ಗುಟ್ಟಾಗಿ ಕನ್ನಡದಲ್ಲಿ ಕಥೆ ಬರೆಯುತ್ತಿದ್ದೆ, ಪತ್ರಿಕೆಗಳು ಬಹಿರಂಗವಾಗಿ ವಾಪಸ್ ಕಳಿಸುತ್ತಿದ್ದವು. ಜೊತೆಗೊಂದು ಅಚ್ಚು ಹಾಕಿದ ಚೀಟಿ: "ವಿಷಾದದಿಂದ ಹಿಂತಿರುಗಿಸಿದೆ." ಯಾಕೆ ಅಂತ ಇಲ್ಲ, ಎಲ್ಲಿ ತಪ್ಪಿದೆ ಅಂತ ಇಲ್ಲ, ಬರೀ ವಿಷಾದ. ಒಮ್ಮೆ ದಾವಣಗೆರೆಯಲ್ಲಿ ಎರಡು ದಿನದ ಕಥಾ ಕಮ್ಮಟ ನಡೆಯಿತು. ದೊಡ್ಡವರು ಭಾಷಣ ಮಾಡಿ ಊಟ ಮಾಡಿ ಹೋದರು. ನಾವು ಚೀಲದಲ್ಲಿ ತಂದಿದ್ದ ಕಥೆಗಳನ್ನು ಯಾರೂ ಮುಟ್ಟಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅದೇ ಚೀಲ ಹಿಡಿದು ನಿಂತವರು ನಾಲ್ಕು ಜನ. ಹೊನ್ನಾಳಿಯ ಸಿದ್ದೇಶ್, ತಾಲ್ಲೂಕು ಕಚೇರಿ ಗುಮಾಸ್ತರು. ನ್ಯಾಮತಿಯ ಗುರುಶಾಂತಪ್ಪನವರು, ಬಟ್ಟೆ ಅಂಗಡಿ. ಜಗಳೂರು ಕಡೆಯ ತಿಪ್ಪೇಸ್ವಾಮಿ, ಸೊಕ್ಕೆಯಲ್ಲಿ ಪ್ರೈಮರಿ ಸ್ಕೂಲು ಮೇಷ್ಟ್ರು, ನಮ್ಮೆಲ್ಲರಿಗಿಂತ ಚಿಕ್ಕವರು, ಮಾತು ಕಡಿಮೆ. ಮತ್ತೆ ನಾನು.

"ಓದೋರು ಇಲ್ಲ ಅಂದ್ರೆ ನಾವೇ ಒಬ್ಬರದು ಒಬ್ಬರು ಓದಣ ಬಿಡ್ರಿ" ಅಂದವರು ಗುರುಶಾಂತಪ್ಪನವರು. "ಬಟ್ಟೆ ನೋಡಿದ್ರೆ ಆಗಲ್ಲ, ಮುಟ್ಟಿ ಹೇಳ್ಬೇಕು."

ಹಾಗೆ ಶುರುವಾಯಿತು ನಮ್ಮ ಸುತ್ತು. ಎಲ್ಲರ ಕಥೆಗಳ ಒಂದು ಕಟ್ಟು ಚನ್ನಗಿರಿಯಿಂದ ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ, ಅಲ್ಲಿಂದ ಜಗಳೂರಿಗೆ, ತಿರುಗಿ ನನ್ನ ಹತ್ತಿರಕ್ಕೆ. ಬುಕ್‌ಪೋಸ್ಟ್‌ನಲ್ಲಿ ಕಳಿಸಿದರೆ ಅಗ್ಗ. ಆದರೆ ಲಕೋಟೆ ಅಂಟಿಸುವ ಹಾಗಿಲ್ಲ, ಒಳಗೆ ಪತ್ರ ಇಡುವ ಹಾಗಿಲ್ಲ. ಹಾಗಾಗಿ ಹೇಳುವುದನ್ನೆಲ್ಲ ಕಥೆಯ ಅಂಚಿನಲ್ಲೇ ಪೆನ್ಸಿಲಿನಲ್ಲಿ ಗೀಚಬೇಕು, ಚುಟುಕಾಗಿ. ಹೊಗಳಿಕೆಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ, ಅದೊಂದು ಬ್ಲೆಸಿಂಗ್. ಬಾಯಿ ತೆರೆದ ಲಕೋಟೆಯಾದ್ದರಿಂದ ನಮಗೆ ಕರೆಯದೇ ಬಂದ ಐದನೆಯ ಓದುಗನೂ ಇದ್ದ. ಚನ್ನಗಿರಿಯ ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ, "ಮೇಡಮ್ನೋರೇ, ಈ ಸಲ ಎರಡನೇ ಕತಿ ಪರವಾಗಿಲ್ಲ, ಮೂರನೇದು ಬರೀ ಅಳಾದು" ಎಂದು ವರದಿ ಒಪ್ಪಿಸಿಯೇ ಕಟ್ಟು ಕೊಡುತ್ತಿದ್ದ.

ಒಬ್ಬೊಬ್ಬರ ಕೈಬರಹಕ್ಕೂ ಒಂದೊಂದು ಕಸುಬಿನ ವಾಸನೆ. ಸಿದ್ದೇಶ್ ಅವರದು ಕಚೇರಿ ಟಿಪ್ಪಣಿ: "ಪರಿಶೀಲಿಸಲಾಗಿದೆ. ಸದರಿ ನಾಯಕಿಯ ವಯಸ್ಸು ಪುಟ ಎರಡರಲ್ಲಿ ಇಪ್ಪತ್ತು, ಪುಟ ಐದರಲ್ಲಿ ಹದಿನೆಂಟು. ಸ್ಪಷ್ಟೀಕರಣ ಕೋರಿದೆ." ಗುರುಶಾಂತಪ್ಪನವರು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಅಡ್ಡಗೀಟು ಎಳೆದು "ಇಲ್ಲಿಂದ ಇಲ್ಲಿಗೆ ಕತ್ತರಿಸಿ, ತೋಳು ಉದ್ದ ಆಗೈತೆ" ಎನ್ನುತ್ತಿದ್ದರು. ನಾನು? ನಾನು ನಾಚಿಕೆಯಿಲ್ಲದೆ ಇಂಗ್ಲಿಷಿನಲ್ಲಿ 'ವೇಗ್', 'ಸೆಂಟಿಮೆಂಟಲ್' ಎಂದು ಕೆಂಪು ಪೆನ್ಸಿಲಿನಲ್ಲಿ ತಿದ್ದುತ್ತಿದ್ದೆ, ಮೂವರು ಗಂಡಸರೂ ನನ್ನ ಎಂಟನೇ ಕ್ಲಾಸಿನ ಮಕ್ಕಳೇನೋ ಎಂಬಂತೆ.

ಸೊಕ್ಕೆಯಿಂದ ಮಾತ್ರ ಒಂದು ಅಕ್ಷರವೂ ಬರುತ್ತಿರಲಿಲ್ಲ. ಬರೀ ಚುಕ್ಕೆ. ಹಾಳೆಯ ಎಡ ಅಂಚಿನಲ್ಲಿ, ಯಾವುದೋ ಸಾಲಿನ ಪಕ್ಕ, ಸಾಸಿವೆ ಗಾತ್ರದ ಒಂದು ಪೆನ್ಸಿಲ್ ಚುಕ್ಕೆ. ಕೆಲವು ಕಥೆಗೆ ಒಂದು, ಕೆಲವಕ್ಕೆ ಐದಾರು. ಮೊದಮೊದಲು ನಾವು ನಕ್ಕೆವು. ಆಮೇಲೆ ನಗು ನಿಂತಿತು. ಯಾಕೆಂದರೆ ಚುಕ್ಕೆ ಬಿದ್ದ ಜಾಗವನ್ನು ಎರಡು ದಿನ ಬಿಟ್ಟು ಓದಿದರೆ ಅಲ್ಲೇ ಕಥೆಯ ಉಸಿರು ಹೋಗಿರುತ್ತಿತ್ತು. ಸ್ವಲ್ಪ ಮೇಲೆಯೂ ಅಲ್ಲ, ಕೆಳಗೆಯೂ ಅಲ್ಲ, ಅದೇ ಸಾಲಿನಲ್ಲಿ. ಅನ್‌ಕ್ಯಾನಿ ಅಂತಾರಲ್ಲ, ಹಾಗೆ. ಹಾಳೆಗಳ ನಡುವೆ ಯಾವಾಗಲೂ ಶೇಂಗಾದ ಕೆಂಪು ಪೊರೆ, ಸಿಪ್ಪೆಯ ಪುಡಿ. ಓದುತ್ತಾ ತಿನ್ನುವ ಚಟದ ಮನುಷ್ಯ ಅಂದುಕೊಂಡಿದ್ದೆ.

ಈಗ ನನ್ನ ಕಥೆಯ ವಿಷಯಕ್ಕೆ ಬರುತ್ತೇನೆ, ಇಷ್ಟು ಹೊತ್ತು ಅದರ ಸುತ್ತಲೇ ತಿರುಗುತ್ತಿದ್ದೆ.

ನನ್ನನ್ನು ಏಳನೇ ವಯಸ್ಸಿಗೆ ಬೋರ್ಡಿಂಗ್‌ಗೆ ಹಾಕಿದರು. ಪ್ರತಿ ಭಾನುವಾರ ಮನೆಗೆ ಪತ್ರ ಬರೆಯಬೇಕು, ಇಂಗ್ಲಿಷಿನಲ್ಲೇ. ಸಿಸ್ಟರ್ ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ಕಾಪಿ ಮಾಡುತ್ತಿದ್ದೆವು. 'ಮೈ ಡಿಯರ್ ಪೇರೆಂಟ್ಸ್, ಐ ಆಮ್ ಕ್ವೈಟ್ ವೆಲ್ ಆಂಡ್ ಹ್ಯಾಪಿ ಹಿಯರ್...' ಎಂದು ಪುಟದ ತುಂಬ. ಅಪ್ಪನಿಗೆ ಊರೂರು ತಿರುಗುವ ಕೆಲಸ. ಬಂದಾಗ ಪತ್ರದ ಮೇಲೆ ಕಣ್ಣಾಡಿಸಿ "ಚೆನ್ನಾಗಿದ್ದಾಳಂತೆ" ಎಂದು ಅಮ್ಮನ ಕೈಗೆ ಕೊಡುತ್ತಿದ್ದರು. ಅಮ್ಮನಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಪತ್ರಗಳನ್ನು ಅಕ್ಕಿ ಡಬ್ಬದ ಮೇಲಿನ ಗೂಡಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದಳು. ನಾನು ಪಿಯುಸಿ ಓದುವಾಗ ಹೋಗಿಬಿಟ್ಟಳು.

ಆ ಪತ್ರಗಳ ಮೇಲೆ ನಾನು ಕಥೆ ಬರೆದೆ. ಅಮ್ಮನ ಬಗ್ಗೆ ನಾನು ಬರೆಯಬಲ್ಲ ಒಂದೇ ಕಥೆ ಅದು, ಅದನ್ನು ಸರಿಯಾಗಿ ಬರೆಯಲಾಗದಿದ್ದರೆ ಪೆನ್ನು ಕೆಳಗಿಡುವುದೇ ಸರಿ ಅಂತ ನನ್ನೊಳಗೆ ತೀರ್ಮಾನಿಸಿದ್ದೆ. ಮೂರನೇ ಹಾಳೆಯಲ್ಲಿ ನನಗೆ ಬಹಳ ಇಷ್ಟವಾದ ಸಾಲೊಂದಿತ್ತು: "ಅಕ್ಷರ ಬಾರದಿದ್ದರೂ ಅಮ್ಮನಿಗೆ ಮಗಳ ಪತ್ರದ ಒಂದೊಂದು ಮಾತೂ ಅರ್ಥವಾಗುತ್ತಿತ್ತು, ಬೇರೆಯವರು ಓದಿ ಹೇಳುತ್ತಿದ್ದಂತೆ ಅವಳು ತಲೆಯಾಡಿಸುತ್ತಿದ್ದಳು." ಬರೆದು ನಾನೇ ಅತ್ತಿದ್ದೆ. ಕಟ್ಟು ಸುತ್ತಿಕೊಂಡು ಬಂತು. ಆ ಸಾಲಿಗೆ ಸಿದ್ದೇಶ್ ಅವರ ಟಿಪ್ಪಣಿ "ಸದರಿ ವಾಕ್ಯ ಮನೋಜ್ಞ." ಗುರುಶಾಂತಪ್ಪನವರದು "ಜರಿ ಅಂಚು!" ಅದೇ ಸಾಲಿನ ಪಕ್ಕದಲ್ಲಿ ಸೊಕ್ಕೆಯ ಚುಕ್ಕೆ.

ಐ ವಾಸ್ ಫ್ಯೂರಿಯಸ್. ಅಮ್ಮನ ಮೇಲೇ ಯಾರೋ ಚುಕ್ಕೆ ಇಟ್ಟ ಹಾಗಾಯಿತು.

"ನನ್ನ ಪೇಷಂಟುಗಳೇ ವಾಸಿ ಕಣೇ" ಅಂದರು ನಮ್ಮವರು. "ಎಲ್ಲಿ ನೋವು ಅಂತ ಮುಟ್ಟಿದ ಕೂಡ್ಲೇ ಒದ್ದು ತೋರಿಸ್ತಾವೆ. ನೀನೂ ಹಂಗೇ ಒದೀತಿದ್ದೀಯ ನೋಡು."

ಒದ್ದೆ. ಇನ್‌ಲ್ಯಾಂಡ್ ಲೆಟರಿನ ಮೂರೂ ಮಗ್ಗುಲು ತುಂಬಿಸಿ ತಿಪ್ಪೇಸ್ವಾಮಿಯವರಿಗೆ ಬರೆದೆ. ಕಥೆಯನ್ನು ಗಮನವಿಟ್ಟು ಓದುವ ಸೌಜನ್ಯ ಇಲ್ಲದವರು ಸುತ್ತಿನಲ್ಲಿ ಇರುವುದೇಕೆ, ಶೇಂಗಾ ತಿನ್ನುತ್ತಾ ತೂಕಡಿಸಿದಲ್ಲಿ ಚುಕ್ಕೆ ಇಡುತ್ತೀರೇನು, ಕೈಂಡ್ಲಿ ಎಕ್ಸ್‌ಪ್ಲೇನ್. ಹತ್ತು ದಿನಕ್ಕೆ ಒಂದು ಕಾರ್ಡ್ ಬಂತು. "ಮೇಡಂ, ಬರೆದು ತಿಳಿಸಲು ನನಗೆ ಬರುವುದಿಲ್ಲ. ರಜೆಯಲ್ಲಿ ಒಮ್ಮೆ ಬನ್ನಿ. ತೋರಿಸುತ್ತೇನೆ."

ಮೇ ತಿಂಗಳು. ಬೆಳಿಗ್ಗೆ ಬಸ್ಸು ಹತ್ತಿದೆ. ಸಂತೇಬೆನ್ನೂರಿನಲ್ಲಿ ಸಂತೆಯ ದಿನ, ಬುಟ್ಟಿಗಳೆಲ್ಲ ಹತ್ತುವವರೆಗೆ ಡ್ರೈವರ್ ಇಳಿದುಹೋಗಿದ್ದ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು, ಅಲ್ಲಿಂದ ಸೊಕ್ಕೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜಗಳದ ಮಾತನ್ನು ತಿದ್ದಿ ತಿದ್ದಿ ಚೊಕ್ಕ ಮಾಡಿಕೊಂಡಿದ್ದೆ. ತಿಪ್ಪೇಸ್ವಾಮಿ ಬಸ್ಸಿನ ಹತ್ತಿರವೇ ಕಾಯುತ್ತಿದ್ದರು. ನಡೆಯುತ್ತಾ ಮೆಲ್ಲಗೆ ಹೇಳಿದರು:

"ಮೇಡಂ, ಚುಕ್ಕೆ ನನ್ನದಲ್ಲ. ನಮ್ಮವ್ವನದು."

"ನಿಮ್ಮ ತಾಯಿ ಓದ್ತಾರಾ?"

"ಇಲ್ಲ ಮೇಡಂ. ಅವ್ವನಿಗೆ ಹೆಬ್ಬೆಟ್ಟೇ. ನಾನು ಗಟ್ಟಿಯಾಗಿ ಓದ್ತೀನಿ, ಆಕಿ ಶೇಂಗಾ ಸುಲೀತಿರ್ತಾಳೆ, ಬಿತ್ತನೆ ಬೀಜಕ್ಕೆ. ಗೌಡ್ರ ಮನೀದು, ಸೇರಿಗಿಷ್ಟು ಅಂತ ಕೂಲಿ. ಕತಿ ಹಿಡೀತು ಅಂದ್ರೆ ಕೈ ನಿಲ್ತಾವೆ. ಕತಿ ಕೈಬಿಡ್ತು ಅಂದ್ರೆ ಕೈ ತಿರುಗಿ ಕೆಲ್ಸಕ್ಕೆ ಹೋಗ್ತಾವೆ. ಹೋದ ಜಾಗಕ್ಕೆ ನಾನು ಚುಕ್ಕೆ ಇಡ್ತೀನಿ. ಅಷ್ಟೇ." ನಾಲ್ಕು ಹೆಜ್ಜೆ ನಡೆದು ನಿಂತರು. "ಆಕಿಗೆ ಹೇಳಬ್ಯಾಡ್ರಿ. ಗೊತ್ತಾದ್ರೆ ಕೈ ಮರ್ಯಾದೆ ಕೊಡಾಕೆ ಶುರು ಮಾಡ್ತಾವೆ."

ಇಷ್ಟು ವರ್ಷವಾದರೂ ಆ ವಾಕ್ಯ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ನಾನು ಬಿ.ಎ.ಯಲ್ಲಿ ಕ್ರಿಟಿಸಿಸಂ ಎಂಬ ಇಡೀ ಪೇಪರನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು. ಅದರಲ್ಲಿ ಇದು ಎಲ್ಲೂ ಇರಲಿಲ್ಲ.

ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು. ಬಾಗಿಲ ಬೆಳಕಿಗೆ ಕಾಲು ಚಾಚಿ ಓಬಕ್ಕ ಕೂತಿದ್ದರು, ತೆಳ್ಳಗೆ, ತಲೆಯ ಮೇಲೆ ಸೆರಗು. ಒಂದು ಪಕ್ಕ ಶೇಂಗಾಕಾಯಿಯ ರಾಶಿ, ಮುಂದೆ ಮೊರ. ಮಗ "ಚನ್ನಗಿರಿ ಮೇಡಂ" ಅಂತ ಮಾತ್ರ ಹೇಳಿದರು, ಕಥೆ ಯಾರದು ಅಂತ ಹೇಳಲಿಲ್ಲ.

"ಬಾರವ್ವ, ಬಿಸ್ಲಾಗೆ ಬಂದೀಯ" ಅಂದರು ಓಬಕ್ಕ. ಸ್ವಲ್ಪ ತಡೆದು, "ಚಾ ಕುಡೀತೀಯೇನು, ನಮ್ಮನ್ಯಾಗೆ?"

ಕುಡಿದೆ. ಇನ್ನೊಂದು ಲೋಟ ಕೇಳಿ ಕುಡಿದೆ. ಆಗ ಅವರ ಮುಖ ಸಡಿಲಾಯಿತು.

ದಾರಿಯಲ್ಲೇ ನನ್ನಿಂದ ಇಸಿದುಕೊಂಡಿದ್ದ ಕಥೆಯನ್ನು ತಿಪ್ಪೇಸ್ವಾಮಿ ತೆಗೆದು ಓದತೊಡಗಿದರು. "ಹಳೇದೇ ಅಲ್ಲೇನೋ ಇದು?" ಎಂದು ಓಬಕ್ಕ ಗೊಣಗಿ ಕೆಲಸಕ್ಕೆ ತೊಡಗಿದರು. ಟಪ್, ಟಪ್ ಎಂದು ಹೆಬ್ಬೆರಳಿನಡಿ ಕಾಯಿ ಒಡೆಯುತ್ತಿತ್ತು, ಬೀಜ ಮೊರಕ್ಕೆ, ಸಿಪ್ಪೆ ಪಕ್ಕಕ್ಕೆ. ಕಣ್ಣು ಅಲ್ಲೆಲ್ಲೂ ಇರಲಿಲ್ಲ. ನಾನು ಆ ಕೈಗಳನ್ನೇ ನೋಡುತ್ತಾ ಕೂತೆ. ಪರೀಕ್ಷೆಯ ರಿಸಲ್ಟ್ ಅಂಟಿಸುವ ಗೋಡೆಯನ್ನು ಕೂಡ ನಾನು ಹಾಗೆ ನೋಡಿದ್ದಿಲ್ಲ. ಏಳು ವರ್ಷದ ಹುಡುಗಿ ಬೋರ್ಡಿಂಗಿನ ಮೆಟ್ಟಿಲು ಹತ್ತುವ ಜಾಗ ಬಂತು. ಟಪ್ ಎನ್ನುವುದು ನಿಧಾನವಾಯಿತು. ಅಮ್ಮ ಪತ್ರಗಳನ್ನು ಅಕ್ಕಿ ಡಬ್ಬದ ಮೇಲೆ ಜೋಡಿಸುವ ಜಾಗ ಬಂತು. ಕೈ ನಿಂತಿತು. ಒಂದು ಕಾಯಿ ಎರಡು ಬೆರಳ ನಡುವೆ ಹಾಗೇ ಉಳಿಯಿತು. ಕೂಲಿಯ ಕೈ ನನ್ನ ಅಮ್ಮನಿಗಾಗಿ ನಿಂತಿದೆ, ನಿಂತಷ್ಟು ಹೊತ್ತೂ ಅವರಿಗೆ ನಷ್ಟ. ಆಮೇಲೆ ಅದು ಬಂತು. 'ಅಕ್ಷರ ಬಾರದಿದ್ದರೂ ಅಮ್ಮನಿಗೆ ಮಗಳ ಪತ್ರದ ಒಂದೊಂದು ಮಾತೂ...'

ಟಪ್.

ಓಬಕ್ಕ ರಾಶಿಯ ಕಡೆ ಕೈ ಚಾಚಿ ಇನ್ನೊಂದು ಹಿಡಿ ಎಳೆದುಕೊಂಡರು.

ಓದು ಮುಗಿದ ಮೇಲೆ ಕೇಳಿದೆ. "ಕಥೆ ಹೆಂಗಿತ್ತಮ್ಮ?"

"ಚಂದೈತೆ ಬಿಡವ್ವ" ಅಂದರು, ಬಾಯಿಯ ಮರ್ಯಾದೆಗೆ. ನಾನು ಬಿಡಲಿಲ್ಲ.

"ಆ ತಾಯಿಗೆ ಪತ್ರ ಎಲ್ಲಾ ಅರ್ಥ ಆಗ್ತಿತ್ತು ಅಂತ ಐತಲ್ಲ, ಅದು ಖರೇನಾ?"

ಓಬಕ್ಕ ನಕ್ಕರು. "ಎಲ್ಲಿ ಅರ್ಥ ಆಗ್ತೈತವ್ವ."

"ತಲೆ ಆಡಿಸ್ತಿದ್ದಳಲ್ಲ?"

"ನಾನೂ ಆಡಿಸ್ತೀನಲ್ಲ. ಇವ ಸಾಲಿಯಿಂದ ಬಂದು ಭೂಮಿ ತಿರುಗ್ತೈತೆ, ಅದೂ ಇದೂ ಅಂತ ಹೇಳ್ತಿದ್ದ. ತಿಳೀಲಿಲ್ಲ ಅಂದ್ರೆ ನಾಳಿಂದ ಹೇಳಾದೇ ಬಿಟ್ಟಾನು ಅಂತ ತಲೆ ಆಡಿಸ್ತಿದ್ದೆ. ತಿಳಿದಿದ್ರೆ ತಲೆ ಯಾಕೆ ಆಡಿಸ್ಲಿ? ಮಾತೇ ಆಡ್ತಿದ್ದೆ." ಒಂದು ಕಾಯಿ ಒಡೆದರು. "ಆ ತಾಯಿ ಒಂದಿನಾನಾದ್ರೂ ಮಗಳ್ನ ಕೇಳಿರ್ತಾಳೆ ನೋಡು, ಏನು ಬರ್ದೀಯ ಇದ್ರಾಗೆ ಅಂತ. ಬರೆದಾಕಿ ಅದನ್ನ ನುಂಗ್ಯಾಳೆ."

ಚಾದ ಲೋಟ ನೆಲಕ್ಕಿಟ್ಟೆ. ಕೇಳಿದ್ದಳು. ನಾನು ಒಂಬತ್ತು ವರ್ಷದವಳು, ಬೇಸಿಗೆ ರಜೆ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಪತ್ರಗಳನ್ನೆಲ್ಲ ಇಳಿಸಿ ತಂದು ನನ್ನ ಮುಂದೆ ಹರಡಿದ್ದಳು. "ಇಷ್ಟುದ್ದ ಬರ್ದೀಯ. ನಿಮ್ಮಪ್ಪ ಒಂದೇ ಮಾತು ಹೇಳ್ತಾರೆ. ಪೂರಾ ಓದಿ ಹೇಳು ಮಗಾ." ಎಲ್ಲ ಪತ್ರವೂ ಒಂದೇ, ಎಲ್ಲ ಬೋರ್ಡಿನಿಂದ ಇಳಿಸಿದ್ದು, ಒಂದರಲ್ಲೂ ನಾನಿಲ್ಲ ಎಂದು ಹೇಳುವುದು ಹೇಗೆ? "ಏನಿಲ್ಲಮ್ಮ, ಎಲ್ಲಾ ಒಂದೇ" ಎಂದು ಸಿಡುಕಿ ಆಡಲು ಓಡಿಹೋದೆ. ಅವಳು ಅವನ್ನು ಮತ್ತೆ ಜೋಡಿಸಿ ಅಲ್ಲೇ ಇಟ್ಟಳು. ಎರಡನೇ ಸಲ ಕೇಳಲಿಲ್ಲ. ಇಪ್ಪತ್ತು ವರ್ಷ ನಾನು ಯಾರಿಗೂ ಹೇಳದ್ದನ್ನು ಸೊಕ್ಕೆಯ ಒಂದು ಬಾಗಿಲ ಬೆಳಕಿನಲ್ಲಿ ಕೂತ ಹೆಂಗಸು ಶೇಂಗಾ ಸಿಪ್ಪೆಯ ಹಾಗೆ ಬಿಡಿಸಿ ಇಟ್ಟಿದ್ದರು.

ಜಗಳದ ಮಾತುಗಳೆಲ್ಲ ಎಲ್ಲಿ ಹೋದವೋ. ಬಸ್ಸಿನವರೆಗೆ ಬಂದ ತಿಪ್ಪೇಸ್ವಾಮಿಯವರನ್ನು ಕೇಳಿದೆ: ಕೈ ನಿಂತಷ್ಟು ಹೊತ್ತಿನ ಕೂಲಿ? "ಉಳಿದಿದ್ದು ನಾನು ಕೂತು ಸುಲೀತೀನಿ ಮೇಡಂ" ಅಂದರು. ಆಮೇಲೆ ಮೊದಲ ಸಲ ನಕ್ಕರು. "ಗುರುಶಾಂತಪ್ಪನವರ ಕತಿ ಬಂದ್ರೆ ನನಗೆ ಆರಾಮು. ಅವ್ವ ಪೂರ್ತಿ ಮುಗಿಸಿಬಿಡ್ತಾಳೆ."

ಆ ಸಾಲನ್ನು ಹೊಡೆದು ಹಾಕಿದೆ. ಅಮ್ಮ ಕೇಳಿದ್ದನ್ನು ಬರೆದೆ, ನಾನು ಓಡಿಹೋದದ್ದನ್ನು ಬರೆದೆ. ಆ ಒಂದು ಹಾಳೆಗೆ ಒಂದು ವರ್ಷ ಹಿಡಿಯಿತು. ಮತ್ತೆ ಬಿತ್ತನೆಯ ಕಾಲಕ್ಕೆ ಸರಿಯಾಗಿ ಕಥೆ ಸುತ್ತಿಗೆ ಹೋಯಿತು. ಪೋಸ್ಟ್‌ಮ್ಯಾನ್ ಕಟ್ಟು ತಂದಾಗ ಈ ಸಲ ವರದಿ ಒಪ್ಪಿಸಲಿಲ್ಲ, ಸುಮ್ಮನೆ ಕೊಟ್ಟು ಸೈಕಲ್ ತಳ್ಳಿಕೊಂಡು ಹೋದ. ನಾನು ಬಾಗಿಲಲ್ಲೇ ನಿಂತು ಹಾಳೆ ತಿರುವಿದೆ. ಎಡ ಅಂಚು ಖಾಲಿ. ಮೂರನೇ ಹಾಳೆ, ನಾಲ್ಕನೇ ಹಾಳೆ, ಕೊನೆಯವರೆಗೂ ಒಂದು ಚುಕ್ಕೆಯಿಲ್ಲ. ಕೊನೆಯ ಸಾಲಿನ ಕೆಳಗೆ, ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಚುಕ್ಕೆಯ ಬದಲು ತಿಪ್ಪೇಸ್ವಾಮಿಯವರ ಅಕ್ಷರ: "ಮೇಡಂ, ಈ ಸಲ ನಾನು ಮೂರು ಸೇರು ಸುಲಿದೆ. ಹೆಬ್ಬೆರಳು ಬಾತಿದೆ."

ಆ ಕಥೆಯನ್ನು ಪತ್ರಿಕೆಗೆ ಕಳಿಸಿದೆ. ವಿಷಾದದಿಂದ ಹಿಂತಿರುಗಿಸಿದರು. ಒಂದು ದಿನ ಬೇಜಾರಾಯಿತು. ಮರುದಿನ ಆ ಚೀಟಿಯನ್ನು ಮಡಚಿ ಅಲುಗಾಡುತ್ತಿದ್ದ ಟೇಬಲ್ಲಿನ ಕಾಲಿಗೆ ಕೊಟ್ಟೆ. ಚೆನ್ನಾಗಿ ಕೂತಿತು.

ಸುತ್ತು ಇನ್ನೂ ಕೆಲವು ವರ್ಷ ನಡೆಯಿತು. ಎಂಬತ್ತರ ದಶಕದ ನಡುವೆ ಒಂದು ಸಲ ಜಗಳೂರಿನಿಂದ ಬಂದ ಕಟ್ಟಿನಲ್ಲಿ ಯಾರ ಕಥೆಗೂ ಚುಕ್ಕೆಯಿರಲಿಲ್ಲ. ನಾಲ್ವರೂ ಒಮ್ಮೆಲೇ ಮಹಾ ಕಥೆಗಾರರಾದೆವೇನೋ ಎಂದು ಒಂದು ಕ್ಷಣ ಹಿಗ್ಗಿದೆ, ದಡ್ಡಿ. ಮೇಲಿನ ಹಾಳೆಯ ಮೂಲೆಯಲ್ಲಿ ಬರೆದಿತ್ತು: "ಇನ್ನು ಮೇಲೆ ಚುಕ್ಕೆ ಇಡಲು ಬರುವುದಿಲ್ಲ, ಮೇಡಂ." ಹಾಳೆಗಳ ನಡುವೆ ಸಿಪ್ಪೆಯ ಪುಡಿಯೂ ಇರಲಿಲ್ಲ. ಆಮೇಲೆ ಕಟ್ಟು ಚನ್ನಗಿರಿಯಿಂದ ಹೊರಡಲಿಲ್ಲ. ಹೊರಡಬಾರದು ಎಂದು ಯಾರೂ ಹೇಳಲಿಲ್ಲ, ಯಾರೂ ಕಾರಣ ಕೇಳಲೂ ಇಲ್ಲ.

ಮೊನ್ನೆ ಗುಂಪಿನಲ್ಲಿ ಒಬ್ಬ ಹುಡುಗಿ ಕಥೆ ಹಾಕಿದ್ದಳು, ಯಾವ ಊರಿನವಳೋ ಗೊತ್ತಿಲ್ಲ. ಕೆಳಗೆ ಬರೆದಿದ್ದಳು: "ಹೊಗಳಬೇಡಿ ಪ್ಲೀಸ್. ಎಲ್ಲಿ ಬೋರಾಯಿತು ಹೇಳಿ." ಅದರ ಕೆಳಗೂ ಗುಲಾಬಿಗಳು ಬೀಳತೊಡಗಿದ್ದವು. ಸಂತೆಯಿಂದ ತಂದ ಶೇಂಗಾಕಾಯಿ ಮನೆಯಲ್ಲಿತ್ತು. ಮೊರಕ್ಕೆ ಸುರಿದುಕೊಂಡು ಬಾಗಿಲ ಬೆಳಕಿಗೆ ಕೂತೆ. ಈ ಫೋನು ಈಗ ಬರೆದದ್ದನ್ನು ಗಟ್ಟಿಯಾಗಿ ಓದುತ್ತದೆ, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ದನಿಯಲ್ಲಿ. ಆದರೆ ನನಗೊಂದು ತೊಂದರೆ ಇತ್ತು, ನೀವು ಆಗಲೇ ಊಹಿಸಿರುತ್ತೀರಿ. ನನ್ನ ಕೈಗೆ ಗೊತ್ತಿತ್ತಲ್ಲ. ಮೊದಲ ಎರಡು ಪ್ಯಾರಾ ನನ್ನ ಬೆರಳುಗಳು ಬೇಕೆಂದೇ ನಿಲ್ಲುತ್ತಿದ್ದವು, ಬೇಕೆಂದೇ ಹೊರಡುತ್ತಿದ್ದವು, ಅತಿಥಿಗಳ ಮುಂದೆ ಮಕ್ಕಳು ಮಾಡುವ ಹಾಗೆ. ನನಗೇ ನಾಚಿಕೆಯಾಯಿತು. ಓಬಕ್ಕನ ಕೈ ಎಲ್ಲಿ, ನನ್ನದೆಲ್ಲಿ. ಸಾಕು, ಇದು ನನ್ನಿಂದಾಗದು ಎಂದುಕೊಂಡು ಸುಮ್ಮನೆ ಸುಲಿಯುತ್ತಾ ಹೋದೆ. ಒಂದು ಕಡೆ ಹೂವಿನ ವರ್ಣನೆ ಬಂದಾಗ ಬೆರಳು ಚುರುಕಾದದ್ದು ಗೊತ್ತಾಯಿತು. ಆಮೇಲೆ ಏನಾಯಿತೋ ಗೊತ್ತಿಲ್ಲ.

ಫೋನು ಸುಮ್ಮನಾಗಿತ್ತು. ಬಾಗಿಲ ಬಿಸಿಲು ಪಾದದಿಂದ ಸರಿದು ಮೆಟ್ಟಿಲಿಗೆ ಹೋಗಿತ್ತು. ಎರಡು ಬೆರಳ ನಡುವೆ ಒಂದು ಕಾಯಿ, ಒಡೆಯದೆ. ಮೊರದಲ್ಲಿ ಅರ್ಧಕ್ಕರ್ಧ ಉಳಿದಿತ್ತು.

ಉಳಿದದ್ದನ್ನು ಕೂತು ಸುಲಿದೆ. ಅದನ್ನು ಮುಗಿಸದೆ ಅವಳಿಗೆ ಬರೆಯುವುದು ಮೋಸ ಅನ್ನಿಸಿತು. ಆಮೇಲೆ ಬರೆದೆ: "ಹೂವಿನ ಪ್ಯಾರಾದಲ್ಲಿ ಒಂದು ಚುಕ್ಕೆ. ಅದು ಬಿಟ್ಟರೆ ಅರ್ಧ ಮೊರ ಉಳಿಯಿತು."

ತಕ್ಷಣ ಉತ್ತರ ಬಂತು. "ಮೇಡಂ, ಅರ್ಧ ಮೊರ ಅಂದ್ರೆ ಒಳ್ಳೇದಾ, ಕೆಟ್ಟದ್ದಾ?"

ಹೇಳಬೇಕೆಂದು ಫೋನಿನ ಮೇಲೆ ಹೆಬ್ಬೆರಳು ಇಟ್ಟೆ. ಬಾತಿತ್ತು, ಮುಟ್ಟಿದರೆ ನೋಯುತ್ತಿತ್ತು. ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತತೊಡಗಿದೆ: "ಸೊಕ್ಕೆ ಅಂತ ಒಂದು ಊರು."